ಅಮೋಗಸಿದ್ಧನ ಹಳದಿ ನಟ್ಟುಗಳು

ಅಕ್ಕಲಕೋಟ ಬಿಟ್ಟು ಸೊಲ್ಲಾಪುರದ ರಸ್ತೆ ಹಿಡಿದರೆ, ಊರು ಇನ್ನೇನು ಮುಗಿಯಿತು ಅನ್ನುವಲ್ಲಿ ಎಡಗಡೆ ಒಂದು ತಗಡಿನ ಶೆಡ್ಡು. ಬೋರ್ಡು ಮರಾಠಿಯಲ್ಲಿದೆ, ಒಳಗಿನ ಬೈಗುಳ ಕನ್ನಡದಲ್ಲಿ. ಅದು ಅಮೋಗಸಿದ್ಧನ ಗ್ಯಾರೇಜು. ಇಂಜಿನ್ನಿಗೆ ಅವನು ಕೈ ಹಾಕುವವನಲ್ಲ. ಗಾಲಿ, ಬ್ರೇಕು, ಬೇರಿಂಗು, ಇಷ್ಟೇ ಅವನ ರಾಜ್ಯ. "ಗಾಡಿ ಓಡಸೋ ಮಂದಿ ಬ್ಯಾರೆ ಅದಾರ. ನಿಲ್ಲಸಾಂವ ನಾ" ಎಂದು ಬೀಡಿ ಸೇದುತ್ತ ಹೇಳುವುದುಂಟು. ಇಪ್ಪತ್ತಾರು ವರ್ಷ ಒಬ್ಬನೇ ಅದೇ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿದ್ದಾನೆ. ಜೊತೆಗೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಇನ್ನೊಬ್ಬರ ಕೈಯನ್ನು ನಂಬುವ ಸ್ವಭಾವ ಅವನದಲ್ಲ, ಅಷ್ಟೇ.

ಅವನ ಹೆಸರು ನಿಂತದ್ದೇ ಕೈಯ ಮೇಲೆ. ನಟ್ಟು ತಿರುಗಿಸುವ ಉದ್ದನೆಯ ಪಾನಾ ಹಾಕಿ ಎಳೆಯುವಾಗ ಕಣ್ಣು ಅರ್ಧ ಮುಚ್ಚುತ್ತಿದ್ದ. ಎಲ್ಲಿಗೆ ಸಾಕು ಅನ್ನುವುದು ಹೆಬ್ಬೆರಳಿನ ಬುಡಕ್ಕೆ ಗೊತ್ತಾಗುತ್ತಿತ್ತು. ಅದಕ್ಕಿಂತ ಕಡಿಮೆಯೂ ಇಲ್ಲ, ಒಂದು ಗುಂಜಿ ಹೆಚ್ಚೂ ಇಲ್ಲ. "ಬಿಗಿ ಆಗ್ಯಾವಲ್ಲ?" ಎಂದು ಗಿರಾಕಿ ಕೇಳಿದರೆ "ಹೂಂ" ಅನ್ನುತ್ತಿದ್ದ. ಆ ಒಂದು ಹೂಂಕಾರದ ಮೇಲೆ ಜನ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಪಂಢರಪುರಕ್ಕೂ ಕಲಬುರಗಿಗೂ ಹೋಗಿ ಬರುತ್ತಿದ್ದರು.

ಇನ್ನೊಂದು ಗುರುತು ಹಳದಿ ನಟ್ಟು. ಅದರ ಕಥೆ ಅವನ ಹುಟ್ಟೂರು ಚಪಳಗಾಂವದ್ದು. ಅವನ ಅಪ್ಪ ಧರೆಪ್ಪ ಕುರಿ ಕಾಯುತ್ತಿದ್ದ. ವರ್ಷಕ್ಕೆರಡು ಸಲ ಕುರಿಗಳಿಗೆ ಜಂತಿನ ಔಷಧಿ ಕುಡಿಸಬೇಕು. ನೂರೈವತ್ತು ಕುರಿಗಳಲ್ಲಿ ಯಾವುದು ಕುಡಿಯಿತು, ಯಾವುದು ತಪ್ಪಿಸಿಕೊಂಡಿತು ಎಂದು ತಿಳಿಯುವ ಬಗೆ ಹೇಗೆ? ಧರೆಪ್ಪ ಕುರುಬರ ದೇವರಾದ ಬೀರೋಬಾನ ಭಂಡಾರವನ್ನು, ಅಂದರೆ ಗುಡಿಯಲ್ಲಿ ಎರಚುವ ಆ ಅರಿಷಿಣದ ಪುಡಿಯನ್ನೇ, ಎಣ್ಣೆಯಲ್ಲಿ ಕಲಸಿ ಇಟ್ಟುಕೊಳ್ಳುತ್ತಿದ್ದ. ಕುಡಿದ ಕುರಿಯ ಹಣೆಗೆ ಒಂದು ಬೊಟ್ಟು. ಹಳದಿ ಇದ್ದದ್ದು ಆಯಿತು, ಇಲ್ಲದ್ದು ಉಳಿಯಿತು. ಕುರಿ ಬಿಟ್ಟು ಗ್ಯಾರೇಜು ಹಿಡಿದ ಮಗ ಅದೇ ಲೆಕ್ಕವನ್ನು ಗಾಲಿಗೆ ತಂದ. ಒಂದೊಂದು ನಟ್ಟು ಬಿಗಿಯಾದಂತೆ ಅದರ ನೆತ್ತಿಗೆ ಹೆಬ್ಬೆರಳಿನಿಂದ ಒಂದು ಬೊಟ್ಟು ಒತ್ತುತ್ತಿದ್ದ. ಹಳ್ಳಿಯ ಮುದುಕಿಯರು ನೋಡಿ "ಮಿಸ್ತ್ರಿ ಭಕ್ತಿವಂತ, ಗಾಲಿಗೂ ಪೂಜಿ ಮಾಡ್ತಾನ" ಎಂದು ಕೈ ಮುಗಿಯುತ್ತಿದ್ದರು. ಅವನು ತಿದ್ದಲು ಹೋಗಲಿಲ್ಲ. ಪುಗಸಟ್ಟೆ ಬಂದ ಪುಣ್ಯವನ್ನು ಯಾರು ಬೇಡ ಅನ್ನುತ್ತಾರೆ?

ಕಳೆದ ದೀಪಾವಳಿಯ ಹೊತ್ತಿಗೆ ಆ ಹೆಬ್ಬೆರಳು ಸುಮ್ಮನಾಯಿತು.

ಮೊದಲು ಜೋಮು ಹಿಡಿದಂತಾಗುತ್ತಿತ್ತು. ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಯಾರದೋ ಬೆರಳುಗಳ ಹಾಗೆ ಅಂಗೈಗೆ ಅಂಟಿಕೊಂಡಿದ್ದವು. ಒಂದು ಬೆಳಿಗ್ಗೆ ಹೆಂಡತಿ ಕಸ್ತೂರಬಾಯಿ ಕೊಟ್ಟ ಚಹಾದ ಕಪ್ಪು ಕೈಯಿಂದ ಜಾರಿ ಬಿತ್ತು. ಬಿದ್ದ ಮೇಲೆ ಸದ್ದು ಕೇಳಿ ಅವನಿಗೆ ಗೊತ್ತಾಯಿತು.

"ಎಷ್ಟ ದಿನಾತು ಹಿಂಗ?" ಎಂದಳು ಕಸ್ತೂರಬಾಯಿ.

"ಇವತ್ತಽ."

"ಸುಳ್ಳ ಹೇಳಬ್ಯಾಡ್ರಿ. ಬೀಡಿ ಎಡಗೈಲೆ ಹಚ್ಚಾಕತ್ತಿ ತಿಂಗಳಾತು, ನಾ ನೋಡಿಲ್ಲೇನು?"

ಅವಳೇ ಹಟ ಹಿಡಿದು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಮಣಿಕಟ್ಟಿನ ನರ ಒತ್ತಿಹೋಗಿದೆ, ಪಾನಾ ಎಳೆದೆಳೆದೇ ಹೀಗಾಗಿದೆ, ಕೈಗೆ ವಿಶ್ರಾಂತಿ ಬೇಕು, ಇಲ್ಲವೆಂದರೆ ಚಿಕ್ಕ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದರು. ರಾತ್ರಿ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು. ಪಟ್ಟಿ ಪೆಟ್ಟಿಗೆ ಸೇರಿತು. "ನಾಲ್ಕ ಮಂದಿಗೆ ಹೇಳ್ರಿ, ಸಣ್ಣ ಕೆಲಸ ಅಷ್ಟಽ ತಗೋರಿ" ಎಂದು ಕಸ್ತೂರಬಾಯಿ ಬೇಡಿಕೊಂಡಳು. ಅವನು ಉರಿದುಬಿದ್ದ. ಕೈ ಸತ್ತ ಮಿಸ್ತ್ರಿಯ ಬಳಿ ಗಾಲಿ ಬಿಚ್ಚಿಸಲು ಯಾವ ಹುಚ್ಚ ಬರುತ್ತಾನೆ? ಹೇಳಿದ ದಿನವೇ ಅಂಗಡಿ ಮುಚ್ಚಿತು ಎಂದೇ ಅವನ ಎಣಿಕೆ. ಗುಟ್ಟು ಮನೆಯಲ್ಲೇ ಉಳಿಯಿತು.

ಗುಟ್ಟು ಉಳಿದರೂ ಕೆಲಸ ನಿಲ್ಲುವಂತಿಲ್ಲ. ಗಾಡಿಯನ್ನು ನೆಲಕ್ಕೆ ಇಳಿಸಿದ ಮೇಲೆ ಉದ್ದನೆಯ ಪಾನಾದಿಂದ ಪ್ರತಿ ನಟ್ಟನ್ನೂ ಕೊನೆಯ ಸಲ ಎಳೆದು ನೋಡುವ ಪದ್ಧತಿ ಅವನದಿತ್ತು. ಆಷಾಢದ ಹೊತ್ತಿಗೆ ಅದನ್ನು ಕೈಬಿಟ್ಟ. ಎಳೆದರೆ ಮೊಳಕೈವರೆಗೆ ನೋವು, ಎಳೆದರೂ ಬೆರಳಿಗೆ ಏನೂ ತಿಳಿಯದು. ತಿಳಿಯದ ಮೇಲೆ ಎಳೆದೇನು ಬಂತು? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬ್ಯಾಟರಿಯ ಮೇಲೆ ನಡೆಯುವ, ನಟ್ಟು ಬಿಚ್ಚಿ ಬಿಗಿಯುವ ವೈರಿಲ್ಲದ ಗನ್ನು ಒಂದು ತಂದರೆ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದ.

ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಗಳನ್ನು ದಾಟಿ ಒಳಗಲ್ಲಿಗೆ ಹೊಕ್ಕರೆ ಧನರಾಜ ಶೇಠನ ಗ್ಯಾರೇಜು ಹತ್ಯಾರದ ಅಂಗಡಿ. ಅಮೋಗಸಿದ್ಧ ಮೊದಲ ಪಾನಾ ಕೊಂಡದ್ದು ಈ ಶೇಠನ ಅಪ್ಪನ ಕೈಯಿಂದ. ಧನರಾಜ ಎರಡು ಗನ್ನುಗಳನ್ನು ಗಾಜಿನ ಮೇಲಿಟ್ಟ. ಒಂದು ದೊಡ್ಡದು, ಬ್ಯಾಟರಿ ಸಮೇತ ಹತ್ತಿರ ಹತ್ತಿರ ಮೂರು ಕಿಲೋ. ಇನ್ನೊಂದು ಗಿಡ್ಡದು, ಅದರ ಅರ್ಧ ತೂಕ. ಮೂತಿ ಎಷ್ಟು ಚಿಕ್ಕದೆಂದರೆ ಕೈ ಹೋಗುವಲ್ಲೆಲ್ಲ ಅದೂ ಹೋಗುತ್ತದೆ.

"ಬಘಾ ಮಿಸ್ತ್ರಿ, ದೊಡ್ಡದು ಏಕದಮ ರಾಕ್ಷಸ ಅದ. ಲಾರಿದೂ ಬಿಚ್ಚತದ. ಖರೆ, ದಿನಾ ಹಿಡಿದ್ರ ರಟ್ಟಿ ಹೋಗತದ, ಗದಗದ ಮೊಳಕೈತನಾ ಬರತದ. ಗಿಡ್ಡದು ಕೈಗೆ ಹಗೂರ. ಜಂಗ ಹಿಡದ ನಟ್ಟಿಗೆ ಮಾತ್ರ ಸ್ವಲ್ಪ ತ್ರಾಸ ಮಾಡತದ."

ಧರೆಪ್ಪ ಟಗರು ಕೊಳ್ಳುವಾಗ ಕಣ್ಣು ಮುಚ್ಚಿ ಬೆನ್ನ ಮೇಲೆ ಅಂಗೈ ಒತ್ತಿ ನೋಡುತ್ತಿದ್ದ. ಮಗನೂ ಕಣ್ಣು ಮುಚ್ಚಿ ದೊಡ್ಡ ಗನ್ನಿನ ಗುಂಡಿ ಅದುಮಿದ. ಅದು ಗುಡುಗಿತು, ಮೊಳಕೈ ನಡುಗಿತು, ಬೆರಳು ಮಾತ್ರ ಮಿಸುಕಲಿಲ್ಲ. ಶೇಠನಿಗೆ ತಿಳಿಯದ ಹಾಗೆ ಗನ್ನನ್ನು ಎಡಗೈಗೆ ದಾಟಿಸಿದ. ಗಿಡ್ಡದನ್ನೂ ಹಾಗೇ ನೋಡಿದ. ಎರಡರ ನಡುವೆ ಆರಿಸುವುದಕ್ಕೆ ಅವನಿಗೆ ಆಗಲೇ ಇಲ್ಲ. ದೊಡ್ಡದು ಮಿತಿ ಮೀರಿ ಬಿಗಿದು ಬೋಲ್ಟನ್ನೇ ಹಿಗ್ಗಿಸಿದರೆ? ಗಿಡ್ಡದು ಸಾಲುವಷ್ಟು ಬಿಗಿಯದೇ ಹೋದರೆ? ಎರಡಕ್ಕೂ ಉತ್ತರ ಹೇಳಬೇಕಾದದ್ದು ಬೆರಳು. ಆ ಬೆರಳೇ ಬಾಯಿ ಮುಚ್ಚಿ ಕೂತಿತ್ತು.

"ಬಿಗಿ ಮಾಡೋದು ಪೂರಾ ಮಶೀನ ಮ್ಯಾಲ ಬಿಡಬಾರದ್ರಿ" ಎಂದ ಧನರಾಜ. "ಕಡೀಕ ಕೈಲೆ ನೋಡಬೇಕು. ನಿಮಗೇನ ಹೇಳೂದು, ನಿಮ್ಮ ಕೈ ಇಡೀ ತಾಲೂಕಿಗೆ ಗೊತ್ತದ." ಗೋಡೆಗೆ ತೂಗುಹಾಕಿದ್ದ ಒಂದು ಉದ್ದನೆಯ ಪಾನಾದ ಕಡೆ ಕೈ ತೋರಿಸಿದ. ಹಿಡಿಕೆಯ ಮೇಲೆ ಅಂಕಿಗಳಿದ್ದವು. "ಇದು ಟಾರ್ಕ್ ಪಾನಾ. ಎಷ್ಟ ಬಿಗಿ ಬೇಕೋ ಅಷ್ಟಕ್ಕ ಇಟ್ಟ ಎಳದ್ರ ಕಟಕ್ ಅಂತದ. ಕೈ ಬರದವರು ಒಯ್ತಾರ."

ಅಮೋಗಸಿದ್ಧ ಅದರ ಕಡೆ ನೋಡಲೂ ಇಲ್ಲ. ಮೈಯೆಲ್ಲ ಬೆಂಕಿ ಬಿದ್ದಂತಾಗಿತ್ತು.

ಕೊನೆಗೆ ಶೇಠನೇ ದಾರಿ ಹೇಳಿದ. "ಎರಡೂ ಒಯ್ರಿ. ಕೆಲಸದಾಗ ಹಾಕಿ ನೋಡ್ರಿ. ಒಂದ ಇಟ್ಟಕೊಳ್ರಿ, ಒಂದ ವಾಪಸ ಕೊಡ್ರಿ. ಗುರುವಾರದೊಳಗ ಹೇಳ್ರಿ, ಇನ್ನೊಬ್ಬ ಗಿರಾಕಿ ಕಾಯಾಕತ್ತಾನ."

ಗುರುವಾರ ಬೆಳಿಗ್ಗೆ ಎಂಟಕ್ಕೆ ಚಪಳಗಾಂವದ ಭೀಮಣ್ಣ ತನ್ನ ಪಿಕಪ್ ಗಾಡಿ ತಂದು ನಿಲ್ಲಿಸಿದ. ಅವನ ಮಗಳ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ, ಸೊಲ್ಲಾಪುರದಾಚೆಯ ಬೀರೋಬಾನ ಗುಡಿಯಲ್ಲಿ ನಡೆಯಬೇಕಿತ್ತು. ಮಧ್ಯಾಹ್ನದೊಳಗೆ ತಲುಪಬೇಕು. ಹಿಂದಿನ ಬ್ರೇಕು ಕಿರುಚುತ್ತಿದೆ, ಬ್ರೇಕಿನ ಲೈನರು ಬದಲಿಸಿಕೊಡು ಎಂದ. ಮುಂದೆ ಅವನ ಹೆಂಡತಿ ಶೀತಲ ಕೂಸು ಎತ್ತಿಕೊಂಡು ಕೂತಿದ್ದಳು, ಪಕ್ಕದಲ್ಲಿ ತಾಯಿ ಮುಕ್ತಾಬಾಯಿ. ಹಿಂದೆ ತಟ್ಟು ಹಾಸಿ ಬೀಗರು ನೆಂಟರು ಏಳು ಮಂದಿ. ಭೀಮಣ್ಣನೂ ಕೂಸೂ ಸೇರಿ ಹನ್ನೊಂದು ಜೀವ. ಎಲ್ಲರೂ ಇಳಿದು ಬೇವಿನ ನೆರಳಿಗೆ ಕೂತರು. ಭೀಮಣ್ಣ ತನ್ನ ಫೋನನ್ನು ಶೆಡ್ಡಿನ ಒಳಗೆ ಚಾರ್ಜಿಗೆ ಹಚ್ಚಿದ.

ಎರಡೂ ಗನ್ನು ಪರೀಕ್ಷಿಸಲು ಇದೇ ಹೊತ್ತು ಅಂದುಕೊಂಡ ಅಮೋಗಸಿದ್ಧ. ಎಡಗಡೆಯ ಹಿಂದಿನ ಗಾಲಿಯನ್ನು ಗಿಡ್ಡದರಿಂದ ಬಿಚ್ಚಿದ, ಬಲಗಡೆಯದನ್ನು ದೊಡ್ಡದರಿಂದ. ಗನ್ನಿನ ಬಡಿತ ತಾಳುವ ಕರಿ ಗೋಟಿ, ಅಂದರೆ ನಟ್ಟಿನ ಮೇಲೆ ಕೂರುವ ಬಟ್ಟಲು, ಆ ಅಳತೆಯದು ಅವನ ಬಳಿ ಒಂದೇ ಇತ್ತು. ಆಗಾಗ ಒಂದರ ಮೂತಿಯಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕು. ಲೈನರು ಬದಲಿಸಿದ. ಬಲಗಾಲಿ ಕೂರಿಸಿ ದೊಡ್ಡ ಗನ್ನಿನಿಂದ ಐದು ನಟ್ಟು ಬಿಗಿದ, ಐದಕ್ಕೂ ಭಂಡಾರದ ಬೊಟ್ಟು ಒತ್ತಿದ. ಎಡಕ್ಕೆ ಬಂದು ಗಾಲಿ ಏರಿಸಿ ಐದೂ ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ ನಿಲ್ಲಿಸಿದ. ಇನ್ನು ಗೋಟಿ ಗಿಡ್ಡದಕ್ಕೆ ಹಾಕಿ ಬಿಗಿಯಬೇಕು, ಅಷ್ಟರಲ್ಲಿ ಫೋನು ಬಂತು. ಧನರಾಜ ಶೇಠ.

ರಸ್ತೆಯ ಮೇಲೆ ಗುರುವಾರ ಅಕ್ಕಲಕೋಟದ ಗುಡಿಗೆ ಬರುವ ಯಾತ್ರಿಕರ ಗಾಡಿಗಳ ಗದ್ದಲ. ಮಾತು ಕೇಳಿಸದೆ ಶೆಡ್ಡಿನ ಹಿಂದೆ ಹೋದ.

"ಏನ ನಕ್ಕಿ ಮಾಡಿದ್ರಿ ಮಿಸ್ತ್ರಿ?"

"ನೋಡಾಕತ್ತೀನ್ರಿ ಶೇಠಜಿ. ಸಂಜಿಕ್ಕ ಹೇಳ್ತೀನಿ."

"ಸಂಜಿಕ್ಕ ಅಂದ್ರ ಸಂಜಿಕ್ಕ. ಈ ಗಿರಾಕಿ ಇಲ್ಲೇ ಕುಂತಾನ."

ಮಾತು ಬೆಳೆಯಿತು. ಇತ್ತ ಮುಕ್ತಾಬಾಯಿ ಎದ್ದು ಬಂದಳು. ಮಿಸ್ತ್ರಿ ಕೈ ಒರೆಸಿಕೊಂಡು ಹೋದದ್ದು ನೋಡಿ ಕೆಲಸ ಮುಗಿಯಿತು ಅಂದುಕೊಂಡಿದ್ದಳು. ದೂರದ ದಾರಿಗೆ ಹೊರಡುವ ಮುನ್ನ ಗಾಡಿಗೆ ಭಂಡಾರ ಹಚ್ಚದೆ ಅವಳು ಹತ್ತುವವಳಲ್ಲ. ಸೊಂಟದ ಚೀಲ ಬಿಚ್ಚಿ ಮುಂದಿನ ಎರಡು ಗಾಲಿಗಳಿಗೆ ಹಾಕಿದಳು. ಹಿಂದಿನ ಬಲಗಾಲಿಯಲ್ಲಿ ಆಗಲೇ ಹಳದಿ ಇತ್ತು, ಸಂತೋಷಪಟ್ಟಳು. ಎಡಗಾಲಿಯ ನಡುವೆ ಬರಿದಾಗಿತ್ತು. "ಇದೊಂದ ಮರತಾನ" ಎಂದು ಒಂದು ಹಿಡಿ ತೆಗೆದು ಐದೂ ನಟ್ಟುಗಳ ಮೇಲೆ ಬೀಳುವಂತೆ ಮನಸಾರೆ ಹಾಕಿ ಕೈ ಮುಗಿದಳು.

ಅಮೋಗಸಿದ್ಧ ಫೋನು ಕಿಸೆಗೆ ಹಾಕುತ್ತ ಬಂದ. ತಲೆಯ ತುಂಬ ದೊಡ್ಡದೋ ಗಿಡ್ಡದೋ ಎಂಬುದೇ ಇತ್ತು. ಎಡಗಾಲಿಯ ನಟ್ಟು ಐದೂ ಹಳದಿಯಾಗಿದ್ದವು. ಹಳದಿ ಇದ್ದದ್ದು ಆಯಿತು. ಜ್ಯಾಕು ಇಳಿಸಿದ.

"ಬಿಗಿ ಆಗ್ಯಾವಲ್ಲ ಅಣ್ಣಾ?" ಎಂದ ಭೀಮಣ್ಣ.

"ಹೂಂ. ಹೊಂಡ್ರಿ."

ಹನ್ನೊಂದು ಜೀವ ಹತ್ತಿಕೊಂಡು ಗಾಡಿ ಹೊರಟಿತು.

ಅವನು ಬೀಡಿ ಸೇದಿದ. ಮುಖ ತೊಳೆದ. ಹರಡಿದ ಹತ್ಯಾರಗಳನ್ನು ಎತ್ತಿಡಲು ಬಗ್ಗಿದ. ಗಿಡ್ಡ ಗನ್ನು ಎಡಗಾಲಿ ಇದ್ದ ಜಾಗದಲ್ಲೇ ಗೋಣಿಚೀಲದ ಮೇಲೆ ಮಲಗಿತ್ತು. ಅದರ ಮೂತಿ ಬರಿದು. ಗೋಟಿ ಎಲ್ಲಿ ಎಂದು ಹುಡುಕಿದ. ಅತ್ತ ಬಲಗಡೆ ಇದ್ದ ದೊಡ್ಡ ಗನ್ನಿನ ಮೂತಿಯಲ್ಲಿ ಕರಿ ಗೋಟಿ ಹಾಗೇ ಕೂತಿತ್ತು.

ಗೋಟಿ ಇಲ್ಲದೆ ನಟ್ಟು ಬಿಗಿಯುವುದಿಲ್ಲ. ಗೋಟಿ ಇತ್ತಕಡೆ ಬಂದೇ ಇಲ್ಲ.

ಮತ್ತೆ ಆ ಹಳದಿ ಎಲ್ಲಿಂದ ಬಂತು? ನೆಲದ ಮೇಲೆ ಎಡಗಾಲಿ ನಿಂತಿದ್ದಲ್ಲಿ ಒಣ ಅರಿಷಿಣದ ಪುಡಿ ಚೆಲ್ಲಿತ್ತು. ಅವನದು ಎಣ್ಣೆಯಲ್ಲಿ ಕಲಸಿದ್ದು, ಚೆಲ್ಲುವುದಿಲ್ಲ. ಮುಕ್ತಾಬಾಯಿಯ ಚೀಲ ನೆನಪಿಗೆ ಬಂತು. ಎಡಗೈಯಿಂದ ಭೀಮಣ್ಣನ ನಂಬರು ಒತ್ತಿದ. ಫೋನು ಅವನ ಬೆನ್ನ ಹಿಂದೆಯೇ, ಚಾರ್ಜಿಗೆ ಹಚ್ಚಿದಲ್ಲೇ ಬಡಿದುಕೊಂಡಿತು.

ಬೇರೆ ಯಾರ ನಂಬರೂ ಅವನ ಬಳಿ ಇರಲಿಲ್ಲ. ಹೊರಟು ಕಾಲು ಗಂಟೆ ಮೇಲಾಗಿತ್ತು. ಗೋಟಿಯನ್ನು ದೊಡ್ಡದರಿಂದ ಕಿತ್ತು ಗಿಡ್ಡದಕ್ಕೆ ಹಾಕಿದ. ದೊಡ್ಡದು ಚೀಲದಲ್ಲಿ ಹಿಡಿಸುತ್ತಿರಲಿಲ್ಲ, ಹಾಗಾಗಿ ಗಿಡ್ಡದನ್ನೇ ಚೀಲಕ್ಕೆ ತುರುಕಿದ. ಎರಡು ದಿನ ಬಗೆಹರಿಯದ ಪ್ರಶ್ನೆ ಅರೆಗಳಿಗೆಯಲ್ಲಿ ಬಗೆಹರಿದಿತ್ತು, ಅವನಿಗೆ ಅದರ ಅರಿವೂ ಇರಲಿಲ್ಲ. ಒಂದು ಮುಷ್ಟಿ ಹಳೆಯ ನಟ್ಟು, ಉದ್ದನೆಯ ಪಾನಾ, ಭೀಮಣ್ಣನ ಫೋನು. ಮೋಟರ್‌ಸೈಕಲ್ಲು ಒದ್ದ.

ರಸ್ತೆ ಚೊಕ್ಕವಾಗಿತ್ತು. ಅದೇ ಅವನ ಎದೆ ಹಿಂಡಿತು. ಹಳೆಯ ರಸ್ತೆಯಾಗಿದ್ದರೆ ಭೀಮಣ್ಣ ಮೂವತ್ತರ ಮೇಲೆ ಹೋಗುತ್ತಿರಲಿಲ್ಲ. ಮೋಟರ್‌ಸೈಕಲ್ಲಿನ ವೇಗವೂ ಮುಂದಿನ ಬ್ರೇಕೂ ಬಲಗೈಯಲ್ಲಿ. ಬೆರಳು ಬ್ರೇಕಿನ ಮೇಲೆ ಇದೆಯೋ ಇಲ್ಲವೋ ತಿಳಿಯಲು ಅವನು ಪ್ರತಿ ಸಲ ತಲೆ ಬಗ್ಗಿಸಿ ಕಣ್ಣಿನಿಂದ ನೋಡಬೇಕಿತ್ತು. ಎದುರಿನ ಎಸ್ಟಿ ಬಸ್ಸನ್ನು ದಾಟುವಾಗ ನೋಡಲು ಹೋಗಿ ಒಂದು ಮೊಳದಲ್ಲಿ ತಪ್ಪಿಸಿಕೊಂಡ. ಬಸ್ಸಿನವನು ಮರಾಠಿಯಲ್ಲಿ ಏನೋ ಅಂದ. ಅದು ಅವನಿಗೆ ಸಲ್ಲಬೇಕಾದದ್ದೇ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಬೆರಳಿನಿಂದ ನಿಲ್ಲಿಸಿದ ನಟ್ಟು ಎಷ್ಟು ಮೈಲು ತಡೆಯುತ್ತದೆ? ಮೊದಲು ಒಂದು ಸಡಿಲಾಗುತ್ತದೆ, ಅದರ ಭಾರ ಉಳಿದವುಗಳ ಮೇಲೆ. ಬೇರೆಯವರು ಬಿಚ್ಚಿದ ಗಾಲಿಗಳು ಕಳಚಿಹೋದದ್ದನ್ನು ಅವನು ನೋಡಿದ್ದ. ಗಾಲಿ ಗಾಡಿಗಿಂತ ಮುಂದೆ ಓಡುತ್ತದೆ, ಗಾಡಿ ಆಮೇಲೆ ಪಲ್ಟಿ ಹೊಡೆಯುತ್ತದೆ. ಅಂಥ ಮಿಸ್ತ್ರಿಗಳಿಗೆ ಅವನು ಎಂಥೆಂಥ ಮಾತು ಬೈದಿದ್ದ! ನೆಲಕ್ಕಿಳಿಸಿದ ಮೇಲೆ ಒಂದೇ ಒಂದು ಸಲ ಪಾನಾ ಹಾಕಿ ಎಳೆದಿದ್ದರೆ ಸತ್ತ ಕೈಗೂ ಗೊತ್ತಾಗುತ್ತಿತ್ತು, ನಟ್ಟೇ ತಿರುಗಿಬಿಡುತ್ತಿತ್ತು. ಮುಕ್ತಾಬಾಯಿಯ ಭಂಡಾರವಲ್ಲ, ತಾನು ಕೈಬಿಟ್ಟ ಆ ಒಂದು ಎಳೆತವೇ ಗಾಡಿಯಲ್ಲಿ ಕೂತು ಹೋಗುತ್ತಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವಳಸಂಗದ ಹತ್ತಿರ ಚಹಾದ ಅಂಗಡಿಯವನನ್ನು ಕೇಳಿದ. "ಬಿಳಿ ಪಿಕಪ್, ಹಿಂದ ಮಂದಿ ಕುಂತಿದ್ರು?"

"ಇಲ್ಲೇ ಚಹಾ ಕುಡದು ಹೋದ್ರಲ್ಲ, ಐದ ಮಿನಿಟ ಆತು ನೋಡ್ರಿ. ಗಾಲಿ ಕಟಕಟ ಅನ್ನಾಕತ್ತಿತ್ತು. ಅಂದೆ ನಾ. ಹೊಸಾ ಲೈನರ ಹಾಕಸೀವಿ, ಅದರ ಸಪ್ಪಳ ಅಂದ್ರು."

ಕುಂಭಾರಿ ಇನ್ನೂ ದೂರವಿದ್ದಾಗ ಪಿಕಪ್ಪು ಕಣ್ಣಿಗೆ ಬಿತ್ತು. ಹಿಂದೆ ಕೂತ ಹೆಂಗಸರು ಯಾವುದೋ ಹಾಡು ಹಾಡುತ್ತಿದ್ದರು. ಎಡಗಾಲಿ ಅಲುಗಾಡುತ್ತಿತ್ತು. ಬೇರೆಯವರಿಗೆ ಕಾಣದಷ್ಟೇ, ಅವನ ಕಣ್ಣಿಗೆ ಹೊಡೆಯುವಷ್ಟು. ಪಕ್ಕಕ್ಕೆ ಹೋಗಿ ಎಡಗೈ ಬೀಸಿದ. ಭೀಮಣ್ಣ ಕನ್ನಡಿಯಲ್ಲಿ ನೋಡಿದ, ನಕ್ಕ. ಫೋನು ಮರೆತದ್ದು ನೆನಪಾಯಿತು ಅವನಿಗೆ. ಗಾಡಿ ನಿಲ್ಲಿಸದೆ ಕಿಟಕಿಯಿಂದ ಕೈ ಚಾಚಿ, ಕೊಡು ಎಂದು ಬೆರಳು ಆಡಿಸಿದ.

"ನಿಲ್ಲಸ" ಎಂದು ಒದರಿದ ಅಮೋಗಸಿದ್ಧ. ಹಾಡಿನಲ್ಲಿ ಅದು ಮುಳುಗಿಹೋಯಿತು. ಜೋರಾಗಿ ಬ್ರೇಕು ಹಾಕಿದರೆ ಗಾಲಿ ಕಳಚುತ್ತದೆ, ಹಾಕದೆ ಓಡಿಸಿದರೂ ಕಳಚುತ್ತದೆ. ಮುಂದೆ ದಾಟಿ ಗಾಡಿಯ ನೇರಕ್ಕೆ ಬಂದ. ತನ್ನ ವೇಗವನ್ನು ಒಂದೊಂದೇ ಗುಂಜಿ ಇಳಿಸುತ್ತ, ಬೆರಳನ್ನು ಕಣ್ಣಿನಿಂದ ನೋಡುತ್ತ, ಹಿಂದೆ ಎಡಗೈಯನ್ನು ಮೆಲ್ಲಗೆ ಮೆಲ್ಲಗೆ ಎಂದು ಒತ್ತಿ ತೋರಿಸುತ್ತ ಹೋದ. ಭೀಮಣ್ಣನ ನಗು ಮಾಯವಾಯಿತು. ಗಾಡಿಯೂ ಇಳಿಯಿತು, ಇಳಿಯಿತು, ಮಣ್ಣಿನ ಅಂಚಿಗೆ ಬಂದು ನಿಂತಿತು.

ಅಮೋಗಸಿದ್ಧ ಮೋಟರ್‌ಸೈಕಲ್ಲನ್ನು ನಿಲ್ಲಿಸಲಿಲ್ಲ, ಬಿಸಾಡಿದ. ಎಡಗಾಲಿಯ ಬಳಿ ಕುಸಿದು ಕೂತ. ಐದರಲ್ಲಿ ಎರಡು ನಟ್ಟು ಇರಲಿಲ್ಲ. ಉಳಿದ ಮೂರನ್ನು ಕಿರುಬೆರಳಿನಿಂದ ತಿರುಗಿಸಬಹುದಾಗಿತ್ತು.

ಎಲ್ಲರೂ ಇಳಿದರು. ಭೀಮಣ್ಣ ಬರಿದಾದ ಎರಡು ಬೋಲ್ಟುಗಳನ್ನು ನೋಡಿದ, ಶೀತಲಳ ತೋಳಿನಲ್ಲಿದ್ದ ಕೂಸನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕೂಸ ಐತಿ ಅಣ್ಣಾ ಒಳಗ" ಎಂದ.

ಅಮೋಗಸಿದ್ಧ ಪಿಕಪ್ಪಿನದೇ ಜ್ಯಾಕು ತೆಗೆದು ಏರಿಸಿದ. ಎರಡು ಬೋಲ್ಟಿನ ಎಳೆಗಳು ತುಸು ತರಚಿದ್ದವು, ಆದರೂ ನಟ್ಟು ಹಿಡಿದವು. ಎಲ್ಲವನ್ನೂ ಹಳದಿ ಹೋಗುವಂತೆ ಟವೆಲ್ಲಿನಿಂದ ಒರೆಸಿದ. ಗಿಡ್ಡ ಗನ್ನು ಐದನ್ನೂ ಗುರ್ ಎಂದು ಕೂರಿಸಿತು. ರಸ್ತೆಬದಿಯಲ್ಲಿ ವೈರಿಲ್ಲ, ಕರೆಂಟಿಲ್ಲ, ಬಗ್ಗಲು ಜಾಗವಿಲ್ಲ. ಆದರೂ ಅದು ಒಂದು ಸಲವೂ ತಪ್ಪದೆ ಕೆಲಸ ಮಾಡಿತು. ಜ್ಯಾಕು ಇಳಿಸಿದ. ಭೀಮಣ್ಣ ಎಂದಿನಂತೆ ಕೇಳಿದ.

"ಈಗ ಬಿಗಿ ಆಗ್ಯಾವಲ್ಲ?"

ಹೂಂ ಅಂದರೆ ಸಾಕಿತ್ತು. ಹನ್ನೊಂದು ಮಂದಿಯೂ ಹತ್ತಿಬಿಡುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ಅವರು ಅವನ ಬಾಯನ್ನೇ ನೋಡುತ್ತಿದ್ದರು. ಅಮೋಗಸಿದ್ಧ ಕೂತಲ್ಲಿಂದ ತಲೆ ಎತ್ತಲಿಲ್ಲ.

"ನನಗ ಗೊತ್ತಾಗೂದಿಲ್ಲ ಭೀಮಣ್ಣ. ಈ ಕೈ ಸತ್ತು ಒಂಬತ್ತ ತಿಂಗಳಾತು. ಯಾರಿಗೂ ಹೇಳಿಲ್ಲ."

ಮುಕ್ತಾಬಾಯಿ ಮುಂದೆ ಬಂದು ಅವನ ಬಲಗೈ ಎಳೆದುಕೊಂಡಳು. ರೋಗದ ಕುರಿಯ ಕಿವಿ ಹಿಚುಕುವಂತೆ ಬೆರಳುಗಳನ್ನು ಒಂದೊಂದಾಗಿ ಉಗುರಿನಿಂದ ಹಿಚುಕಿದಳು. ಅವನು ಕೈ ಎಳೆದುಕೊಳ್ಳಲಿಲ್ಲ.

"ಏನೂ ತಿಳಿವಲ್ದು?"

"ಇಲ್ರಿ ಕಾಕು."

"ಆ ಭಂಡಾರ ನಾನಽ ಹಾಕಿದ್ದು, ತಮ್ಮಾ" ಎಂದಳು.

"ನೀವು ದೇವರಿಗಂತ ಹಾಕಿದ್ರಿ. ನೋಡಬೇಕಾದಾಂವ ನಾ ಇದ್ದೆ. ತಪ್ಪ ನಂದು."

ಭೀಮಣ್ಣ ಉದ್ದನೆಯ ಪಾನಾ ಎತ್ತಿಕೊಂಡು ತಾನೇ ನಟ್ಟಿಗೆ ಹಾಕಿದ. ಎಳೆದ. "ಎಷ್ಟ ಎಳದ್ರ ಸಾಕು ಅಣ್ಣಾ? ನನಗ ಅದು ತಿಳಿಯಂಗಿಲ್ಲ." ಬಲ ಇದ್ದವನಿಗೆ ಅಳತೆ ಗೊತ್ತಿಲ್ಲ, ಅಳತೆ ಗೊತ್ತಿದ್ದವನಿಗೆ ಬೆರಳಿಲ್ಲ. ಅಮೋಗಸಿದ್ಧ ತನ್ನ ಎಡಗೈಯನ್ನು ಭೀಮಣ್ಣನ ಮುಷ್ಟಿಯ ಮೇಲಿಟ್ಟ. ಗಿರಾಕಿಯ ಎದುರು ಎಡಗೈ ಹಾಕಬಾರದು ಎಂದು ಒಂಬತ್ತು ತಿಂಗಳು ಕಾಪಾಡಿಕೊಂಡ ಮಾನ ಅದು. ಕಣ್ಣು ಅರ್ಧ ಮುಚ್ಚಿದ. ಎಡಗೈ ಮಡ್ಡ, ಕಲಿಯದ ಕೈ, ಆದರೂ ಜೀವ ಇತ್ತು. "ಇನ್ನಷ್ಟು. ಇನ್ನಷ್ಟು. ಬಿಡು." ಹೀಗೆ ಐದು ಸಲ.

"ಸೊಲ್ಲಾಪುರತನಾ ನಲವತ್ತರ ಮ್ಯಾಲ ಹೋಗಬ್ಯಾಡ" ಎಂದ. "ನಾ ಹಿಂದ ಬರ್ತೀನಿ. ಧನರಾಜ ಶೇಠನ ಅಂಗಡಿ ಹಂತ್ಯಾಕ ನಿಲ್ಲಸು. ಇದು ಪೂರಾ ಆಗಿಲ್ಲ ಇನ್ನೂ."

ಉಳಿದ ದಾರಿಯುದ್ದಕ್ಕೂ ಅವನು ಎಡಗಾಲಿಯಿಂದ ಕಣ್ಣು ಕೀಳಲಿಲ್ಲ. ಹಿಂದೆ ಕೂತ ಹೆಂಗಸರೂ ಹಾಡು ಬಿಟ್ಟು ಅವನನ್ನೇ ನೋಡುತ್ತಿದ್ದರು.

ನವಿ ಪೇಠದ ತುದಿಯಲ್ಲಿ ಗಾಡಿ ನಿಲ್ಲಿಸಿ ಅವನು ಅಂಗಡಿ ಹೊಕ್ಕಾಗ ಧನರಾಜ ನಗುತ್ತ ಎದ್ದ. "ಸಂಜಿಕ್ಕ ಅಂದ್ರಿ, ಈಗಽ ಬಂದ್ರಿ? ಯಾವುದು ನಕ್ಕಿ ಆತು?"

"ಗಿಡ್ಡದು ನನಗಿರ್ಲಿ. ದೊಡ್ಡದು ನಾಳೆ ತಂದು ಕೊಡ್ತೀನಿ." ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಅವರಲ್ಲಿ ಒಬ್ಬ ಅಕ್ಕಲಕೋಟದವನೇ. ಅಮೋಗಸಿದ್ಧ ಗೋಡೆಯ ಕಡೆ ಬೆರಳು ಮಾಡಿದ. "ಮತ್ತ ಅದು ಕೊಡ್ರಿ ಶೇಠಜಿ. ಕೈ ಬರದವರು ಒಯ್ತಾರಂತಲ್ಲ, ಅದು."

ಧನರಾಜ ಅವನ ಮುಖ ನೋಡಿದ, ಜೋತುಬಿದ್ದ ಬಲಗೈ ನೋಡಿದ. ಪಾನಾ ಇಳಿಸಿ, ತಾನೇ ಗಾಡಿಯವರೆಗೆ ಬಂದು ಅಂಕಿ ಹೊಂದಿಸಿ ಕೊಟ್ಟ. ಭೀಮಣ್ಣ ಎಳೆದ. ಕಟಕ್. ಎಡಗೈಯ ಅಂದಾಜು ಹೆಚ್ಚೇನೂ ತಪ್ಪಿರಲಿಲ್ಲ, ಎರಡು ನಟ್ಟಿಗೆ ಮಾತ್ರ ಕಾಲು ಸುತ್ತು ಬೇಕಾಯಿತು.

ಸುದ್ದಿ ಅಕ್ಕಲಕೋಟಕ್ಕೆ ಅವನಿಗಿಂತ ಮೊದಲೇ ಮುಟ್ಟಿತ್ತು. ಮುಂದಿನ ವಾರ ಕೆಲವರು ಶೆಡ್ಡಿನ ಮುಂದೆ ಗಾಡಿ ನಿಧಾನ ಮಾಡಿ, ನಿಲ್ಲಿಸದೆ ಹೋದರು. ನಿಂತ ಗಿರಾಕಿಗಳಿಗೆ ಅವನು ಮೊದಲೇ ಹೇಳಿಬಿಡುತ್ತಾನೆ: ಬಿಚ್ಚುವುದು ಜೋಡಿಸುವುದು ನನ್ನದು, ಕೊನೆಯ ಎಳೆತ ನಿಮ್ಮದು, ಕಟಕ್ ಅಂದದ್ದನ್ನು ನಿಮ್ಮ ಕಿವಿಯಿಂದ ಕೇಳಿ ಹೋಗಿ. ಕೆಲವರಿಗೆ ಇದು ತಮಾಷೆ, ಕೆಲವರಿಗೆ ಸಿಟ್ಟು. ಪೆಟ್ಟಿಗೆಯಿಂದ ಪಟ್ಟಿ ಹೊರಬಂತು, ಆಪರೇಷನ್ನಿಗೆ ದಿನವೂ ಗೊತ್ತಾಗಿದೆ. ಬೆರಳು ಪೂರ್ತಿ ತಿರುಗಿ ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಕಸ್ತೂರಬಾಯಿ ಈಗ ಚಹಾವನ್ನು ಅವನ ಎಡಗೈಗೇ ಕೊಡುತ್ತಾಳೆ.

ಭೀಮಣ್ಣ ಬರುತ್ತಾನೋ ಇಲ್ಲವೋ ಎಂದು ಅವನು ಒಳಗೊಳಗೇ ದಿನ ಎಣಿಸಿದ್ದ. ಒಂದೂವರೆ ತಿಂಗಳಾದ ಮೇಲೆ ಬಿಳಿ ಪಿಕಪ್ಪು ಬಂದು ನಿಂತಿತು. ಮುಂದಿನ ಬೇರಿಂಗು ಸದ್ದು ಮಾಡುತ್ತಿತ್ತು. ಮುಕ್ತಾಬಾಯಿ ಜೊತೆಗಿದ್ದಳು. ಈ ಸಲ ಬೇವಿನ ನೆರಳಿಗೆ ಹೋಗಲಿಲ್ಲ, ಗಾಲಿಯ ಬಳಿಯೇ ಕಲ್ಲಿನ ಮೇಲೆ ಕೂತಳು. ಚೀಲದ ಬಾಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಗಿಡ್ಡ ಗನ್ನು ನಟ್ಟು ಕೂರಿಸಿತು, ಜ್ಯಾಕು ಇಳಿಯಿತು, ಭೀಮಣ್ಣ ಪಾನಾ ಹಿಡಿದು ಒಂದೊಂದಾಗಿ ಎಳೆದ. ಮುದುಕಿ ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಿಚುತ್ತ ಹೋದಳು.

"ಐದೂ ಅಂದುವೇನಪಾ ತಮ್ಮಾ?"

"ಐದೂ ಅಂದುವ್ರಿ ಕಾಕು."

ಆಗ ಅವಳು ಚೀಲ ಬಿಚ್ಚಿ ಭಂಡಾರ ತೆಗೆದಳು. ಮೊದಲ ಚಿಟಿಕೆಯನ್ನು ಗಾಲಿಗೆ ಹಾಕಲಿಲ್ಲ. ಅವನ ಬಲಗೈ ಎಳೆದುಕೊಂಡು ಆ ಮೂರು ಬೆರಳಿಗೆ ಹಚ್ಚಿದಳು.